ಅಟ್ಟದ ಮೇಲಿನ ಕೋವಿ ಯಾರದು? ಮನೆತನದ ಹಳೆಯ ಸೈನಿಕ ಬಂದೂಕಿನ ಮೂಲ ಹುಡುಕುವ ಬಗೆ

ಹಳೆಯ ಮೈಸೂರು ಸೀಮೆಯ ಮನೆಯಲ್ಲಿ ಒಂದು ಹಳೆಯ ಕೋವಿ ಇದ್ದರೆ ಅದು ಟಿಪ್ಪುವಿನ ಕಾಲದ್ದೇ ಎಂದು ಹೇಳುವುದು ರೂಢಿ. ನಮ್ಮ ಮನೆಯಲ್ಲೂ ಹಾಗೆಯೇ ಹೇಳುತ್ತಿದ್ದರು. ಗುಬ್ಬಿ ಕಡೆಯ ಹಳ್ಳಿಯಿಂದ ಚಾಮರಾಜಪೇಟೆಯ ಮನೆಗೆ ಬಂದ ಆ ಕೋವಿ ವರ್ಷಕ್ಕೊಮ್ಮೆ, ಆಯುಧಪೂಜೆಗೆ, ಅಟ್ಟದಿಂದ ಇಳಿಯುತ್ತಿತ್ತು. ದೊಡ್ಡಮ್ಮ ಹಿಂದಿನ ದಿನವೇ ಹುಣಸೆಹಣ್ಣು ನೆನೆಸಿಟ್ಟು, ಕೋವಿಯ ಹಿಂತುದಿಯ ಹಿತ್ತಾಳೆ ತಗಡನ್ನು ದೀಪದ ಕಂಬಗಳ ಜೊತೆಗೇ ತಿಕ್ಕಿ ಬೆಳಗುತ್ತಿದ್ದರು. ಭಕ್ತಿಯಿಂದ ಮಾಡಿದ ಆ ಕೆಲಸ ಸುಮಾರು ನಲವತ್ತು ವರ್ಷ ನಡೆಯಿತು. ಆ ತಗಡಿನ ಮೇಲೆ ಪಲ್ಟನ್ನಿನ ಗುರುತು ಇತ್ತೆಂಬುದು ನನಗೆ ತಿಳಿದದ್ದು ಅದು ಸವೆದುಹೋದ ಮೇಲೆ. ಈಗ ಉಳಿದಿರುವುದು ಎರಡು ಅಂಕಿ, ಒಂದು ಅರ್ಧ ಅಕ್ಷರ.

ಆದ್ದರಿಂದ ಎಲ್ಲಕ್ಕಿಂತ ಮೊದಲಿನ ಮಾತು: ಉಜ್ಜಬೇಡಿ. ಹುಣಸೆಹಣ್ಣು ಬೇಡ, ಪೀತಾಂಬರಿ ಬೇಡ, ಮರಳು ಕಾಗದ ಬೇಡ, ಹೊಸ ವಾರ್ನಿಷ್ ಬೇಡ. ಕಿಲುಬು ಹಿಡಿದ ಅಕ್ಷರವನ್ನು ಓದಲು ದಾರಿಗಳಿವೆ. ಬೆಳಗಿ ಅಳಿಸಿದ ಅಕ್ಷರ ಮರಳಿ ಬರುವುದಿಲ್ಲ.

ಮೊದಲು ಕಾನೂನು

ಇತಿಹಾಸದ ಉತ್ಸಾಹದಲ್ಲಿ ಇದನ್ನು ಹಿಂದಕ್ಕೆ ತಳ್ಳಬೇಡಿ. 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಳ್ಳುವುದು ಅಪರಾಧ. ಲೈಸೆನ್ಸುದಾರರು ತೀರಿಕೊಂಡರೆ ಕೋವಿ ತನ್ನಷ್ಟಕ್ಕೆ ಮಕ್ಕಳ ಪಾಲಿಗೆ ಬರುವುದಿಲ್ಲ. ತಡಮಾಡದೆ ಅದನ್ನು ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸು ಪಡೆದ ಬಂದೂಕು ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಆಮೇಲೆ ವಾರಸುದಾರರಲ್ಲಿ ಒಬ್ಬರು ತಮ್ಮ ಹೆಸರಿಗೆ ಲೈಸೆನ್ಸು ಕೋರಿ ಅರ್ಜಿ ಹಾಕಬಹುದು. 2016ರ ಆಯುಧ ನಿಯಮಗಳಲ್ಲಿ ಇದಕ್ಕೆ ಅವಕಾಶವಿದೆ. ಲೈಸೆನ್ಸುದಾರರು ಬದುಕಿದ್ದರೂ ಅವರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು ಆ ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದರೆ, ತಾವು ಸೂಚಿಸಿದ ವಾರಸುದಾರರಿಗೆ ಅದನ್ನು ಮಾಡಿಕೊಡಬಹುದು. ಬೆಂಗಳೂರು ನಗರದಲ್ಲಿ ಲೈಸೆನ್ಸು ಕೊಡುವವರು ನಗರ ಪೊಲೀಸ್ ಆಯುಕ್ತರು. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಪಿತ್ರಾರ್ಜಿತವಾದರೂ ಮಿತಿ ಅದೇ.

ಅದೇ ಕಾಯ್ದೆಯ 45ನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ಬಳಕೆ ತಪ್ಪಿದ ಮಾದರಿಯ ಅಥವಾ ಪುರಾತನ ಮೌಲ್ಯದ ಆಯುಧವು, ದುರಸ್ತಿ ಮಾಡಿದರೂ ಮಾಡದಿದ್ದರೂ, ಬಂದೂಕಾಗಿ ಬಳಸಲು ಬಾರದಂತಿದ್ದರೆ ಅದಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ. ಇದರ ಅರ್ಧವನ್ನಷ್ಟೇ ಓದಿಕೊಂಡು, "ನೂರು ವರ್ಷದ ಹಳೆಯದು, ಲೈಸೆನ್ಸು ಬೇಡ" ಎಂದು ಹೇಳುವವರು ಬಹಳ. ಹಳೆಯದಾಗಿರುವುದಷ್ಟೇ ಸಾಲದು, ಸಿಡಿಯಲಾರದ್ದೂ ಆಗಿರಬೇಕು, ದುರಸ್ತಿ ಮಾಡಿ ಸಿಡಿಸಲೂ ಆಗಬಾರದು. ಅದನ್ನು ಪರೀಕ್ಷಿಸಿ ಹೇಳಬೇಕಾದವರು ಪರಿಣತರು, ಮನೆಯವರಲ್ಲ. ಕಾಗದಪತ್ರವೇ ಇಲ್ಲದ ಕೋವಿ ಸಿಕ್ಕಿದ್ದರೆ ಮೊದಲು ವಕೀಲರೊಬ್ಬರನ್ನು ಕಾಣಿ, ಅವರ ಮೂಲಕ ಲಿಖಿತವಾಗಿ ಠಾಣೆಗೆ ತಿಳಿಸಿ. ಚೀಲದಲ್ಲಿ ಸುತ್ತಿಕೊಂಡು ಆಟೋದಲ್ಲಿ ಹೊರಡಬೇಡಿ.

ಕೊಡವ ಮನೆತನದವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಪ್ರತ್ಯೇಕ ವಿನಾಯಿತಿ ಇದ್ದು, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಬೆಂಗಳೂರಿನಲ್ಲಿ ನೆಲೆಸಿದ ಕೊಡವರು ತಮ್ಮ ವಿನಾಯಿತಿ ಪತ್ರವನ್ನು ಕೈಯಲ್ಲಿಟ್ಟುಕೊಂಡೇ ಮುಂದಿನ ಕೆಲಸಕ್ಕೆ ಇಳಿಯಲಿ.

ಕೋವಿ ಠೇವಣಿಯಲ್ಲಿದ್ದರೆ ಸಂಶೋಧನೆ ನಿಲ್ಲುತ್ತದೆ ಎಂದು ಹೆದರಬೇಡಿ. ನಮ್ಮದು ಈಗಲೂ ವ್ಯಾಪಾರಿಯ ಕಪಾಟಿನಲ್ಲೇ ಇದೆ. ಅನುಮತಿ ಪಡೆದು ಒಂದು ಮಧ್ಯಾಹ್ನ ಅಲ್ಲಿ ಕುಳಿತು ಚಿತ್ರ ತೆಗೆದು ಅಳತೆ ಬರೆದುಕೊಂಡೆ. ಆಮೇಲಿನ ಎರಡು ವರ್ಷದ ಹುಡುಕಾಟವೆಲ್ಲ ಆ ಒಂದು ಮಧ್ಯಾಹ್ನದ ಟಿಪ್ಪಣಿಯ ಮೇಲೆಯೇ ನಡೆಯಿತು.

ಒಳಗೆ ಮದ್ದು ಇದೆಯೇ?

ಬಾಯಿಯಿಂದ ಮದ್ದು ತುಂಬುವ ಕೋವಿಗಳನ್ನು ಹಂದಿ ಕಾಯಲು ತುಂಬಿಟ್ಟು, ಹಾರಿಸದೆ ಹಾಗೆಯೇ ಗೋಡೆಗೆ ಒರಗಿಸಿ ಮರೆತುಬಿಟ್ಟದ್ದು ಉಂಟು. ಕರಿಮದ್ದು ಒಣಗಿದ್ದರೆ ನೂರು ವರ್ಷ ಕಳೆದರೂ ಕಿಡಿಗೆ ಕಾಯುತ್ತಿರುತ್ತದೆ. ನಳಿಗೆಯ ಬಾಯಿಯನ್ನು ಯಾರ ಕಡೆಗೂ ತಿರುಗಿಸಬೇಡಿ, ಕುದುರೆಯನ್ನು, ಅಂದರೆ ಕಿಡಿ ಹೊತ್ತಿಸಲು ಬಡಿಯುವ ಭಾಗವನ್ನು, ಎಳೆದು ನೋಡಬೇಡಿ. ಸಪೂರವಾದ ಮರದ ಕೋಲನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಸಿ, ಅದು ನಿಂತಲ್ಲಿ ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಕೋಲನ್ನು ಹೊರತೆಗೆದು ನಳಿಗೆಯ ಪಕ್ಕದಲ್ಲಿ ಹಿಡಿದರೆ ಅದರ ತುದಿ ಕಿಡಿ ಒಳಹೋಗುವ ರಂಧ್ರದವರೆಗೆ ಬರಬೇಕು. ಎರಡು ಮೂರು ಬೆರಳು ಕಡಿಮೆ ಬಂದರೆ ಒಳಗೆ ಏನೋ ಇದೆ. ಅಲ್ಲಿಗೆ ಕೈ ತೆಗೆಯಿರಿ. ಬಂದೂಕು ರಿಪೇರಿ ಬಲ್ಲ ಲೈಸೆನ್ಸುದಾರ ವ್ಯಾಪಾರಿಗೋ ಪೊಲೀಸರಿಗೋ ಹೇಳಿ. ತೋಟಾ ಹಾಕುವ ಬಂದೂಕಾದರೆ ವ್ಯಾಪಾರಿಯ ಕೈಯಲ್ಲೇ ತೆರೆಸಿ ನೋಡಿ.

ಶಾಸನದಂತೆ ಪಡಿಯಚ್ಚು ತೆಗೆಯಿರಿ

ಶಾಸನ ಓದುವವರು ಕಲ್ಲಿನ ಎದುರು ನಿಂತು ಅವಸರದಿಂದ ಅರ್ಥ ಹೇಳುವುದಿಲ್ಲ. ಮೊದಲು ಪಡಿಯಚ್ಚು, ಆಮೇಲೆ ಓದು. ಕೋವಿಗೂ ಇದೇ ಕ್ರಮ. ತೆಳುವಾದ ಬಿಳಿ ಕಾಗದವನ್ನು ಗುರುತಿನ ಮೇಲೆ ಹಿಡಿದು ಮೆದು ಪೆನ್ಸಿಲ್ಲಿನಿಂದ ಅಡ್ಡವಾಗಿ ತೀಡಿದರೆ ಕಣ್ಣಿಗೆ ಕಾಣದ ಗೆರೆಗಳೂ ಮೂಡುತ್ತವೆ. ನಮ್ಮ ಹಿತ್ತಾಳೆಯ ಅರ್ಧ ಅಕ್ಷರ ಸಿಕ್ಕಿದ್ದು ಹೀಗೆಯೇ. ಚಿತ್ರ ತೆಗೆಯುವಾಗ ಫ್ಲ್ಯಾಶ್ ಬೇಡ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು, ಇಲ್ಲವೇ ಪಕ್ಕದಿಂದ ಹಿಡಿದ ಟಾರ್ಚು ಸಾಕು. ಪ್ರತಿ ಚಿತ್ರದಲ್ಲೂ ಒಂದು ಸ್ಕೇಲು ಇರಲಿ.

ಅಳೆಯಬೇಕಾದದ್ದು ಮೂರು: ಇಡೀ ಕೋವಿಯ ಉದ್ದ, ನಳಿಗೆಯ ಉದ್ದ, ನಳಿಗೆಯ ಬಾಯಿಯ ಒಳವ್ಯಾಸ. ಒಳವ್ಯಾಸಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ವರ್ನಿಯರ್ ಕ್ಯಾಲಿಪರ್ ಸಾಕು. ಅದೂ ಇಲ್ಲದಿದ್ದರೆ ಗಟ್ಟಿ ಕಾಗದವನ್ನು ಕಡಲೆಕಾಯಿ ಪೊಟ್ಟಣದಂತೆ ಸುತ್ತಿ ಬಾಯಿಗಿಟ್ಟು, ಅಂಚು ತಾಗಿದಲ್ಲಿ ಗೆರೆ ಎಳೆದು ಆ ಸುತ್ತಿನ ಅಗಲ ಅಳೆಯಿರಿ. ಒಳಗೆ ಸುರುಳಿ ಗೀರುಗಳಿವೆಯೇ ನುಣುಪಾಗಿದೆಯೇ ಎಂಬುದನ್ನು ತಪ್ಪದೆ ಬರೆದುಕೊಳ್ಳಿ. ಅದರಿಂದ ಎಷ್ಟೊಂದು ವಿಷಯ ತಿಳಿಯುತ್ತದೆ ಎಂಬುದು ಮುಂದೆ ಬರುತ್ತದೆ.

ಯಾವ ತಿರುಪನ್ನೂ ಬಿಚ್ಚಬೇಡಿ. ನಳಿಗೆಯ ಅಡಿಯಲ್ಲಿ, ಮರದೊಳಗೆ ಅಡಗಿದ ಭಾಗದಲ್ಲಿ, ತಯಾರಕರ ಗುರುತುಗಳಿರುವುದು ನಿಜ. ಆದರೆ ತುಕ್ಕು ಹಿಡಿದ ತಿರುಪಿನ ತಲೆ ಒಮ್ಮೆ ಮುರಿದರೆ ಕೋವಿಗೆ ಆಗುವ ಗಾಯ ದೊಡ್ಡದು.

ಕುದುರೆ ಕೂತ ತಗಡನ್ನು ಓದುವುದು

ಕಾಲವನ್ನು ಮೊದಲು ಹೇಳುವುದು ಬೆಂಕಿ ಹೊತ್ತಿಸುವ ಬಗೆ. ಕುದುರೆಯ ಬಾಯಲ್ಲಿ ಚಕಮಕಿ ಕಲ್ಲು ಕಚ್ಚಿಸುವ ಇಕ್ಕಳವಿದ್ದು, ಪಕ್ಕದಲ್ಲಿ ಮದ್ದು ಹಾಕುವ ಪುಟ್ಟ ಬಟ್ಟಲಿದ್ದರೆ ಅದು ಚಕಮಕಿ ಕೋವಿ. ಕುದುರೆ ಸುತ್ತಿಗೆಯಂತಿದ್ದು, ಕೆಳಗೆ ಕೇಪು (ಬಡಿದರೆ ಸಿಡಿಯುವ ಪುಟ್ಟ ಲೋಹದ ಟೋಪಿ) ಕೂರಿಸುವ ಸಣ್ಣ ಕೊಳವೆ ಇದ್ದರೆ ಅದು ಕೇಪಿನ ಕೋವಿ. ಬ್ರಿಟಿಷ್ ಸೈನ್ಯಕ್ಕೆ ಕೇಪಿನ ಕೋವಿ ಬಂದದ್ದು 1840ರ ಆಸುಪಾಸಿನಲ್ಲಿ. ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರ ಮೇ 4ರಂದು. ಹಾಗಾಗಿ ಕೇಪಿನ ಕೋವಿ ಟಿಪ್ಪುವಿನ ಸೈನ್ಯದ್ದಾಗಲು ಸಾಧ್ಯವಿಲ್ಲ. ಒಂದೇ ಒಂದು ದಾರಿ ಉಳಿಯುತ್ತದೆ: ಚಕಮಕಿ ಕೋವಿಯನ್ನು ಆಮೇಲೆ ಕೇಪಿಗೆ ಮಾರ್ಪಡಿಸಿರುವುದು. ಹಾಗಿದ್ದರೆ ಕುದುರೆ ಕೂತ ತಗಡಿನ ಮೇಲೆ ಹಳೆಯ ತಿರುಪುಗಳ ತೂತನ್ನು ಮುಚ್ಚಿದ ದುಂಡು ಕಲೆಗಳು ಕಾಣಬೇಕು. ನಮ್ಮ ಕೋವಿಯ ತಗಡು ಕಲೆಯಿಲ್ಲದೆ ನುಣ್ಣಗಿತ್ತು. ಮನೆಯ ದೊಡ್ಡ ಕಥೆ ಅಲ್ಲಿಗೆ ಬಿದ್ದುಹೋಯಿತು. ಆ ದಿನ ನನಗೆ ಬೇಸರವಾದದ್ದು ನಿಜ.

ಟಿಪ್ಪುವಿನ ಕಾರ್ಖಾನೆಗಳ ಆಯುಧಗಳಿಗೆ ತಮ್ಮದೇ ಲಕ್ಷಣಗಳಿವೆ: ಬಬ್ರಿ ಎಂದು ಕರೆಯುವ ಹುಲಿಪಟ್ಟೆಯ ಚಿತ್ತಾರ, ಪರ್ಷಿಯನ್ ಬರಹ, ಮೌಲೂದಿ ಎಂಬ ಅವನದೇ ಕಾಲಗಣನೆಯ ಇಸವಿ. ಆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇವು ಕಂಡರೆ ಪರ್ಷಿಯನ್ ಬಲ್ಲವರ ಬಳಿಗೆ ಪಡಿಯಚ್ಚು ಒಯ್ಯಿರಿ. ಆದರೆ ಹುಲಿಪಟ್ಟೆಯನ್ನು ಹೊಸದಾಗಿ ಕೆತ್ತಿಸಿ ಮಾರುವವರೂ ಇದ್ದಾರೆ ಎಂಬುದು ನೆನಪಿರಲಿ.

ಈಸ್ಟ್ ಇಂಡಿಯಾ ಕಂಪನಿಯ ಮಸ್ಕೆಟ್ಟುಗಳ (ನುಣುಪು ನಳಿಗೆಯ ಸೈನಿಕ ಕೋವಿಗಳ) ತಗಡಿನ ಮೇಲೆ ಸುಮಾರು 1808ರವರೆಗೆ ನಾಲ್ಕು ಭಾಗ ಮಾಡಿದ ಹೃದಯದ ಆಕಾರವೂ ಅದರ ಮೇಲೆ ನಾಲ್ಕರ ಅಂಕಿಯಂಥ ಚಿಹ್ನೆಯೂ ಇರುತ್ತಿದ್ದವು. ಆಮೇಲೆ ಬಂದದ್ದು ಹಿಂಗಾಲ ಮೇಲೆ ನಿಂತು ಕಿರೀಟ ಹಿಡಿದ ಸಿಂಹ. ಕಿರೀಟದ ಕೆಳಗೆ ವಿ.ಆರ್. ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1837ರಿಂದ 1901. ತಗಡಿನ ಮೇಲೆ 'ಟವರ್' ಎಂದು ಕಂಡ ತಕ್ಷಣ ಲಂಡನ್ನಿನ ಟವರ್ ಕೋಟೆಯಲ್ಲಿ ಮಾಡಿದ್ದು ಎಂದು ತಿಳಿಯಬೇಡಿ. ಬರ್ಮಿಂಗ್‌ಹ್ಯಾಮಿನ ಖಾಸಗಿ ತಯಾರಕರು ಗುತ್ತಿಗೆಯಲ್ಲಿ ಮಾಡಿಕೊಟ್ಟವುಗಳ ಮೇಲೂ ಆ ಹೆಸರಿದೆ. ಜೊತೆಗಿರುವ ಇಸವಿ ಆ ತಗಡು ತಯಾರಾದ ವರ್ಷ. ಸಿಪಾಯಿಯ ಕೈಗೆ ಕೋವಿ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ ಇರಬಹುದು.

ಬಾಣದ ತುದಿಯಂಥ ಮೂರು ಗೆರೆಯ ಗುರುತು ಬ್ರಿಟಿಷ್ ಸರ್ಕಾರದ ಸ್ವತ್ತು ಎಂಬುದರ ಮುದ್ರೆ. ಅದರ ಜೊತೆ 'ಐ' ಅಕ್ಷರವಿದ್ದರೆ ಭಾರತ ಸರ್ಕಾರದ್ದು. ಎರಡು ಬಾಣಗಳು ತುದಿಗೆ ತುದಿ ತಾಗಿಸಿಕೊಂಡಿದ್ದರೆ ಸರ್ಕಾರ ಅದನ್ನು ಸೇವೆಯಿಂದ ತೆಗೆದು ಮಾರಿದೆ ಎಂದರ್ಥ. ಈ ಕೊನೆಯ ಗುರುತು ಕುಟುಂಬಗಳಿಗೆ ಬಹಳ ಮುಖ್ಯ: ಕೋವಿ ಕದ್ದದ್ದಲ್ಲ, ಲೂಟಿಯದ್ದಲ್ಲ, ಹರಾಜಿನಲ್ಲಿ ಕೊಂಡದ್ದಿರಬಹುದು ಎಂಬುದಕ್ಕೆ ಅದು ಸಾಕ್ಷಿ.

ಇನ್ನು ನುಣುಪು ನಳಿಗೆಯ ವಿಷಯ. ಹಳೆಯ ಮನೆಗಳಲ್ಲಿ ಸಿಗುವ ಕೇಪಿನ ಸೈನಿಕ ಕೋವಿಗಳಲ್ಲಿ 1853ರ ಎನ್‌ಫೀಲ್ಡ್ ಮಾದರಿಯದ್ದು ಹೆಸರಾದದ್ದು: 39 ಇಂಚಿನ ನಳಿಗೆ, ಅದನ್ನು ಮರಕ್ಕೆ ಬಿಗಿದ ಮೂರು ಬಳೆ, 0.577 ಇಂಚಿನ ಬಾಯಿ, ಒಳಗೆ ಸುರುಳಿ ಗೀರು, ಮೇಲೆ ದೂರಕ್ಕೆ ತಕ್ಕಂತೆ ಏರಿಸುವ ಗುರಿಪಟ್ಟಿ. ನಮ್ಮ ಕೋವಿ ಹೊರಗಿನಿಂದ ತದ್ರೂಪು ಅದೇ. ಆದರೆ ಒಳಗೆ ಗೀರಿಲ್ಲ, ಬಾಯಿ 0.65 ಇಂಚಿನಷ್ಟು ಅಗಲ; ಗುರಿಪಟ್ಟಿಯ ಜಾಗದಲ್ಲಿ ಕದಲದ ಒಂದು ಸಣ್ಣ ಕಚ್ಚು. ಸವೆದು ಹೀಗಾಗಿದೆ ಎಂದುಕೊಂಡು ಒಂದು ವರ್ಷ ಕಳೆದೆ. ಅದು ಸವೆತವಲ್ಲ. 1857ರ ನಂತರ ಬ್ರಿಟಿಷರು ಭಾರತೀಯ ಸಿಪಾಯಿಗಳ ಕೈಗೆ ದೂರಕ್ಕೆ ಗುರಿಯಿಟ್ಟು ಹೊಡೆಯುವ ರೈಫಲ್ ಕೊಡಲು ಹಿಂಜರಿದರು. ಅದೇ ರೂಪದ, ಆದರೆ ಗೀರಿಲ್ಲದ ಅಗಲ ನಳಿಗೆಯ ಮಸ್ಕೆಟ್ಟನ್ನು 1858 ಮತ್ತು 1859ರ ಮಾದರಿಗಳಾಗಿ ಅವರಿಗೆಂದೇ ರೂಪಿಸಿದರು. ಪಕ್ಕದಲ್ಲಿ ನಿಂತ ಗೋರಾ ಸೈನಿಕನದ್ದು ರೈಫಲ್, ಇವನದ್ದು ರೈಫಲಿನ ವೇಷ ತೊಟ್ಟ ಮಸ್ಕೆಟ್ಟು. ಆ ನುಣುಪಾದ ಕತ್ತಲೆ ಕೊಳವೆಯೊಳಗೆ ಟಾರ್ಚು ಬಿಟ್ಟು ನೋಡಿದಾಗ, ನಮ್ಮ ಹಿರಿಯನೊಬ್ಬನ ಮೇಲೆ ಒಂದು ಸಾಮ್ರಾಜ್ಯ ಇಟ್ಟಿದ್ದ ಅಪನಂಬಿಕೆಯನ್ನೇ ಕಣ್ಣಾರೆ ಕಂಡಂತಾಯಿತು. ಟಿಪ್ಪುವಿನ ಕಥೆ ಹೋದ ಬೇಸರ ಅಂದು ಹೋಯಿತು.

ಎಚ್ಚರಿಕೆ ಒಂದಿದೆ. ಶಿಕಾರಿಗೆ ಚರೆ ತುಂಬಲು ಅನುಕೂಲವೆಂದು ಗೀರುಗಳನ್ನು ಆಮೇಲೆ ಕೊರೆಸಿ ತೆಗೆದ ಕೋವಿಗಳೂ ಇವೆ. ನಳಿಗೆಯನ್ನೂ ಮುಂದಿನ ಮರವನ್ನೂ ಕತ್ತರಿಸಿ ಹಗುರ ಮಾಡಿದವೂ ಇವೆ. ಆದ್ದರಿಂದ ಒಳವ್ಯಾಸ, ಗುರಿಪಟ್ಟಿ, ಬಳೆಗಳು ಮೂರೂ ಒಂದೇ ಮಾತು ಹೇಳಿದಾಗ ಮಾತ್ರ ನಂಬಿ. ಈ ಕಾಲದ ಕೋವಿಗಳಲ್ಲಿ ಸಾಮಾನ್ಯವಾಗಿ ಕ್ರಮಸಂಖ್ಯೆ ಇರುವುದಿಲ್ಲ. ಹಿಂತುದಿಯ ಹಿತ್ತಾಳೆಯ ಮೇಲಿನ ಅಂಕಿ ಪಲ್ಟನ್ನಿನ ಆಯುಧಕೋಣೆಯಲ್ಲಿ ಅದು ನಿಲ್ಲುತ್ತಿದ್ದ ಜಾಗದ ಸಂಖ್ಯೆ ಆಗಿರುವುದೇ ಹೆಚ್ಚು.

ತೋಟಾ ಹಾಕುವ ಬಂದೂಕುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1866ರಿಂದ ಸ್ನೈಡರ್, 1871ರಿಂದ ಮಾರ್ಟಿನಿ-ಹೆನ್ರಿ, 1888ರಿಂದ ಲೀ-ಮೆಟ್‌ಫರ್ಡ್, ಆಮೇಲೆ ಲೀ-ಎನ್‌ಫೀಲ್ಡ್. ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆಯಲ್ಲಿ ಮಾಡಿದ ಲೀ-ಎನ್‌ಫೀಲ್ಡ್ ಮೇಲೆ ಕಿರೀಟದ ಕೆಳಗೆ ಜಿ.ಆರ್.ಐ. ಎಂದಿರುತ್ತದೆ, ಇಂಗ್ಲೆಂಡಿನದ್ದರ ಮೇಲೆ ಜಿ.ಆರ್. ಮಾತ್ರ. ಇವುಗಳಲ್ಲಿ ಕ್ರಮಸಂಖ್ಯೆ ಸಿಗುತ್ತದೆ. ಆದರೆ 'ತ್ರೀ ನಾಟ್ ತ್ರೀ', ಅಂದರೆ 0.303 ಇಂಚಿನ ಲೀ-ಎನ್‌ಫೀಲ್ಡ್, ನಿಷೇಧಿತ ಬೋರಿನದ್ದು (ಬೋರ್ ಎಂದರೆ ನಳಿಗೆಯ ಒಳವ್ಯಾಸ), ನಗರದ ಸಾಮಾನ್ಯ ಲೈಸೆನ್ಸಿನಲ್ಲಿ ಬರುವುದಿಲ್ಲ. ಅಂಥದ್ದು ಸಿಕ್ಕರೆ ಸಂಶೋಧನೆಯ ಮಾತು ಬದಿಗಿಟ್ಟು ಅದೇ ದಿನ ವಕೀಲರನ್ನು ಕಾಣಿ. ನೋಡಲು ಅದರಂತೆಯೇ ಇದ್ದು, ಮ್ಯಾಗಜೀನಿನ ಜಾಗದಲ್ಲಿ ಮರದ ತುಂಡು ತುಂಬಿದ್ದರೆ ಅದು ಪೊಲೀಸರಿಗೆಂದು ಮಾರ್ಪಡಿಸಿದ 410 ಮಸ್ಕೆಟ್ ಇರಬಹುದು.

ನಕಲಿಯ ಗುರುತು

ವಾಯವ್ಯ ಗಡಿಯ ಕೈಕೆಲಸದ ಕುಲುಮೆಗಳಲ್ಲಿ ಬ್ರಿಟಿಷ್ ಕೋವಿಗಳ ನಕಲು ಬಹುಕಾಲದಿಂದ ನಡೆದಿದೆ. ಇಂಗ್ಲಿಷ್ ಓದಲು ಬಾರದ ಕಮ್ಮಾರ ಅಕ್ಷರವನ್ನು ಚಿತ್ರದಂತೆ ಕೆತ್ತುವುದರಿಂದ 'ಎನ್‌ಫೀಲ್ಡ್' ಪದದ ಎನ್ ಅಕ್ಷರ ತಿರುವುಮುರುವಾಗಿರುತ್ತದೆ. ವಿ.ಆರ್. ಎಂದು ಬರೆದು ಕೆಳಗೆ 1901ರ ನಂತರದ ಇಸವಿ ಹಾಕಿರುತ್ತಾರೆ. ರಾಣಿ ತೀರಿಕೊಂಡ ಮೇಲೆ ಅವಳ ಮುದ್ರೆ ಬೀಳಲು ಹೇಗೆ ಸಾಧ್ಯ? ಇಂದಿನ ಅಲಂಕಾರದ ವಸ್ತುಗಳಲ್ಲಿ ಅಕ್ಷರಗಳು ತೀರಾ ಹೊಸದಾಗಿ, ಸುತ್ತಲಿನ ಕಬ್ಬಿಣ ಆಮ್ಲ ಹಾಕಿ ಕಪ್ಪಾಗಿಸಿದಂತೆ ಇರುತ್ತದೆ.

ಮನೆಯ ನೆನಪನ್ನು ಕೇಳುವ ಕ್ರಮ

ತಗಡು ಕಾಲವನ್ನು ಹೇಳುತ್ತದೆ, ಮನುಷ್ಯನನ್ನು ಹೇಳುವುದಿಲ್ಲ. ಅದಕ್ಕೆ ಮನೆಯ ಹಿರಿಯರೇ ಬೇಕು. "ಈ ಕೋವಿ ಯಾರದು?" ಎಂದು ಕೇಳಿದರೆ ಎಲ್ಲರೂ ಕೇಳಿ ಕಲಿತ ಉತ್ತರವನ್ನೇ ಹೇಳುತ್ತಾರೆ. ಸಣ್ಣದನ್ನು ಕೇಳಿ: ಎಲ್ಲಿ ತೂಗುಹಾಕಿದ್ದರು, ಯಾರು ಮುಟ್ಟಬಾರದಿತ್ತು, ಕೊನೆಯ ಸಲ ಹಾರಿಸಿದ್ದು ಯಾವಾಗ, ಊರವರು ನಮ್ಮ ಮನೆಯನ್ನು ಏನೆಂದು ಕರೆಯುತ್ತಿದ್ದರು. ಈ ಕೊನೆಯ ಪ್ರಶ್ನೆಗೆ ದೊಡ್ಡಮ್ಮ, "ಬಾರಿನವರ ಮನೆ ಅಂತ ಕರೆಯುತ್ತಿದ್ದರಪ್ಪ" ಎಂದರು. ಕೋವಿಗೆ ಬಾರು ಮಾಡುವುದು ಎಂಬ ಅರ್ಥದಲ್ಲಿ ಆ ಹೆಸರು ಬಂದಿದೆ ಎಂದು ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ಆದರೆ 'ಬಾರ್' ಎಂಬುದು ಮೈಸೂರು ಸಂಸ್ಥಾನದ ಕಾಲಾಳು ಸೈನ್ಯದ ಹೆಸರು. ಕುದುರೆಯವರು ಸಿಲೇದಾರರು, ಕಾಲಾಳುಗಳು ಬಾರಿನವರು. ತುಮಕೂರಿನಲ್ಲೂ ಶಿವಮೊಗ್ಗದಲ್ಲೂ ಇಂದಿಗೂ ಬಾರ್ ಲೈನ್ ರಸ್ತೆ ಇದೆ. ನೂರೈವತ್ತು ವರ್ಷ ಮನೆಯ ಹೆಸರಿನಲ್ಲೇ ಉಳಿದಿದ್ದ ಉತ್ತರವನ್ನು ನಾವು ಟಿಪ್ಪುವಿನ ಕಥೆಯಲ್ಲಿ ಹುಡುಕುತ್ತಿದ್ದೆವು.

ಹಿರಿಯರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಪೆಟ್ಟಿಗೆಗಳಲ್ಲಿ ಹಳೆಯ ಲೈಸೆನ್ಸು ಪುಸ್ತಕ, ಪಿಂಚಣಿ ಕಾಗದ, ಇನಾಂ ಪತ್ರ, ಪಟೇಲಿಕೆಯ ಕಾಗದ ಏನಿದ್ದರೂ ಎಸೆಯಬೇಡಿ. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸಿನಲ್ಲಿ ಕೋವಿಯ ವಿವರ ಒಂದೇ ಸಾಲಿನಲ್ಲಿದ್ದರೂ ಅದು ಯಾವ ವರ್ಷದಿಂದ ಯಾರ ಕೈಯಲ್ಲಿತ್ತು ಎಂಬುದು ಸಿಗುತ್ತದೆ. ಮೋಡಿ ಲಿಪಿಯ (ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಕೂಡುಬರಹ) ಕಾಗದವಿದ್ದರೆ ಓದಲು ಬಾರದ ಗೀಚು ಎಂದು ತಳ್ಳಿಬಿಡಬೇಡಿ.

ಎಲ್ಲಿ ಹುಡುಕಬೇಕು

ಸಂಸ್ಥಾನದ ಸಿಪಾಯಿಯೋ ಬ್ರಿಟಿಷರ ಸಿಪಾಯಿಯೋ ಎಂಬುದು ಮೊದಲು ತೀರ್ಮಾನವಾಗಬೇಕು, ಏಕೆಂದರೆ ದಾರಿ ಅಲ್ಲಿ ಕವಲೊಡೆಯುತ್ತದೆ. ಸಂಸ್ಥಾನದ ಕಡೆಯಾದರೆ ಬೆಂಗಳೂರಿನಲ್ಲೇ ಇರುವ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಿ. ಮೈಸೂರು ಸರ್ಕಾರದ ಕಡತಗಳ ಸೂಚಿಯನ್ನು ಇಲಾಖಾವಾರು ನೋಡಬೇಕು. ವ್ಯಕ್ತಿಯ ಹೆಸರು ಹಿಡಿದು ಹೋದರೆ ಸಾಮಾನ್ಯವಾಗಿ ಬರಿಗೈ. ಪಡೆಯ ಹೆಸರು, ಊರು, ಹತ್ತು ವರ್ಷದ ಅವಧಿ ಹಿಡಿದು ಹೋಗಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯ, ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದ ಹಳೆಯ ಗೆಜೆಟಿಯರುಗಳು ಸೈನ್ಯದ ರಚನೆಯನ್ನು ತಿಳಿಯಲು ನೆರವಾಗುತ್ತವೆ. ಗಂಡಭೇರುಂಡದ ಗುರುತಿದ್ದರೆ ಮೈಸೂರು ಅರಮನೆಯ ಆಯುಧ ಸಂಗ್ರಹದ ವಸ್ತುಗಳೊಂದಿಗೆ ಹೋಲಿಸಿ ನೋಡುವುದು ಲೇಸು.

ಬ್ರಿಟಿಷರ ಕಡೆಯಾದರೆ, ಬೆಂಗಳೂರಿನ ದಂಡು ಪ್ರದೇಶ 1809ರಲ್ಲಿ ಹುಟ್ಟಿದಾಗಿನಿಂದ ಇಲ್ಲಿದ್ದದ್ದು ಹೆಚ್ಚಾಗಿ ಮದ್ರಾಸ್ ಸೈನ್ಯ. ಅದರ ದಾಖಲೆಗಳಿಗೆ ಚೆನ್ನೈನ ಎಗ್ಮೋರಿನ ತಮಿಳುನಾಡು ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಪತ್ರಾಗಾರ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳನ್ನು ನೋಡಬೇಕು. ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ್ ಪಟಲ್' ಜಾಲತಾಣದಲ್ಲಿ ಮನೆಯಿಂದಲೇ ಸೂಚಿ ಹುಡುಕಬಹುದು. ಹಿರಿಯರು ಸ್ಯಾಪರ್ (ಸೈನ್ಯದ ಎಂಜಿನಿಯರ್ ದಳದ ಸಿಪಾಯಿ) ಆಗಿದ್ದರೆ ಹಲಸೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಕೇಂದ್ರಕ್ಕೆ ಪತ್ರ ಬರೆಯಿರಿ. ಮಾದರಿಯ ಬಗ್ಗೆ ಅನುಮಾನವಿದ್ದರೆ ಇಂಗ್ಲೆಂಡಿನ ಲೀಡ್ಸ್ ನಗರದ ರಾಯಲ್ ಆರ್ಮರೀಸ್ ವಸ್ತುಸಂಗ್ರಹಾಲಯದ ಜಾಲತಾಣದಲ್ಲಿ ಅದೇ ಮಾದರಿಯ ಚಿತ್ರ ತೆಗೆದು ಪಕ್ಕದಲ್ಲಿಟ್ಟು ನೋಡಿ. ಚಿತ್ರಗಳನ್ನು ಯಾರಿಗೆ ಕಳುಹಿಸಿದರೂ ಮನೆಯ ವಿಳಾಸ, ಕೋವಿ ಇರುವ ಜಾಗ, ಕ್ರಮಸಂಖ್ಯೆ ಇವನ್ನು ಒಟ್ಟಿಗೆ ಕೊಡಬೇಡಿ.

ಹುಡುಕಾಟದ ಸುದ್ದಿ ಹರಡಿದರೆ ಲಕ್ಷಗಳ ಬೆಲೆ ಹೇಳುತ್ತಾ ಬರುವವರಿದ್ದಾರೆ. ಲೈಸೆನ್ಸಿನ ಕಾಗದ ಕೇಳದೆ ಬೆಲೆ ಹೇಳುವವರನ್ನು ಮನೆಯೊಳಗೆ ಬಿಡಬೇಡಿ. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವುದನ್ನು 1972ರ ಪುರಾವಸ್ತು ಕಾಯ್ದೆ ನಿಷೇಧಿಸುತ್ತದೆ. ವಿದೇಶದಲ್ಲಿರುವ ತಮ್ಮನಿಗೆ ನೆನಪಿನ ಕಾಣಿಕೆಯಾಗಿಯೂ ಕಳುಹಿಸುವಂತಿಲ್ಲ.

ಕೊನೆಗೆ ಒಂದು ಚೀಟಿ

ತಿಳಿದದ್ದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಠೇವಣಿ ರಸೀದಿಯ ಜೊತೆ ಇಡಿ. ಮೂರು ಭಾಗ ಮಾಡಿ: ಕೋವಿಯ ಮೇಲೆ ಕಂಡದ್ದು, ಕಾಗದದಲ್ಲಿ ಸಿಕ್ಕಿದ್ದು, ಮನೆಯವರು ಹೇಳಿದ್ದು. ಒಂದನ್ನು ಇನ್ನೊಂದರೊಳಗೆ ಬೆರೆಸಬೇಡಿ. ನಮ್ಮ ಚೀಟಿಯಲ್ಲಿ ಮೊದಲ ಭಾಗ ತುಂಬಿದೆ, ಮೂರನೆಯದರಲ್ಲಿ ದೊಡ್ಡಮ್ಮನ ಮಾತೂ ಟಿಪ್ಪುವಿನ ಕಥೆಯೂ ಎರಡೂ ಇವೆ. ಆ ಬಾರಿನ ಸಿಪಾಯಿಯ ಹೆಸರು ಬರೆಯಲು ನಡುವಿನ ಭಾಗದಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಈ ವರ್ಷ ಆಯುಧಪೂಜೆಗೆ ದೊಡ್ಡಮ್ಮ ಹುಣಸೆಹಣ್ಣು ನೆನೆಸಲಿಲ್ಲ. ಕೋವಿಯ ಚಿತ್ರಕ್ಕೆ ಕುಂಕುಮವಿಟ್ಟು ಹೂ ಏರಿಸಿದರು.